ಬೋರ್ಡಿನ ಸಾಲಾವಳಿ

ಹಳೆಯ ಕಂಪ್ಯೂಟರಿಗೆ ಬೇರೆ ಮದರ್‌ಬೋರ್ಡ್ ಹುಡುಕುವ ಕೆಲಸಕ್ಕೆ ನಮ್ಮ ಅಂಗಡಿಯಲ್ಲಿ ಬೇರೆಯೇ ಹೆಸರಿತ್ತು. ಸಾಲಾವಳಿ ನೋಡುವುದು ಎನ್ನುತ್ತಿದ್ದೆವು. ಮದುವೆಗೆ ಮುಂಚೆ ಹೆಣ್ಣು ಗಂಡಿನ ಜಾತಕ ಪಕ್ಕಪಕ್ಕ ಇಟ್ಟು ಕೂಡುತ್ತದೋ ಇಲ್ಲವೋ ಎಂದು ನೋಡುತ್ತಾರಲ್ಲ, ಅದೇ ಸಾಲಾವಳಿ. ಈ ಹೆಸರಿಟ್ಟವರು ನಮ್ಮವರು, ಚಂದ್ರಶೇಖರ. ಹಾಸನದ ಜನಕ್ಕೆ ಚಂದ್ರಣ್ಣ. ಹಳೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಾವಿಬ್ಬರೂ ಸೇರಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸಿದೆವು. ಅವರು ತೀರಿಕೊಂಡ ಮೇಲೆ ಕೆಲವು ವರ್ಷ ನಾನೊಬ್ಬಳೇ ನಡೆಸಿದೆ.

ಈಗ ಮಂಡಿನೋವು. ಮೇಜಿನ ಕೆಳಗೆ ಬಗ್ಗಿ ವಯರು ಹುಡುಕುವುದು ಆಗುವುದಿಲ್ಲ. ಅಂಗಡಿಯನ್ನು ರಂಜಿತಾ, ಸೌಮ್ಯ ಎಂಬ ಇಬ್ಬರು ಹೆಣ್ಣುಮಕ್ಕಳಿಗೆ ಬಿಟ್ಟುಕೊಟ್ಟಿದ್ದೇನೆ. ಅವರು ಪಾಲಿಟೆಕ್ನಿಕ್ ಓದಿದವರು, ನಾನು ಪಿಯುಸಿ ಮುಗಿಸಿ ಟೈಪಿಂಗ್ ಕಲಿತವಳು. "ಆಂಟಿ, ಹಳೆ ಸಿಸ್ಟಮ್ ಬಂದರೆ ಏನೇನು ನೋಡಬೇಕು ಅಂತ ಬರೆದುಕೊಡಿ" ಎಂದು ಕೇಳಿದರು. ಬರೆಯಲು ಕೂತರೆ ಬೋರ್ಡಿನ ಜೊತೆಗೆ ಮನುಷ್ಯರೂ ಬಂದುಬಿಡುತ್ತಾರೆ. ಬರಲಿ, ಅವರನ್ನು ಬಿಟ್ಟು ಬರೆಯುವುದಕ್ಕೆ ನನಗೆ ಬರುವುದಿಲ್ಲ.

ತಮಾಷೆ ಏನೆಂದರೆ ನಮ್ಮ ಮದುವೆಗೇ ಸಾಲಾವಳಿ ಕೂಡಿರಲಿಲ್ಲ. ಅವರ ಮನೆಯವರು ಅರಕಲಗೂಡಿನ ಬಸವಯ್ಯ ಎಂಬ ಅಯ್ಯನವರಿಗೆ ಜಾತಕ ತೋರಿಸಿದ್ದರು. ಸುತ್ತಮುತ್ತ ಮದುವೆಗಳಿಗೆಲ್ಲ ಅವರ ಮಾತೇ ಕೊನೆಯ ಮಾತು. ಅಯ್ಯನವರು ಪಂಚಾಂಗ ಮಡಚಿ, ಹುಡುಗಿ ಒಳ್ಳೆಯವಳೇ ಇರಬಹುದು, ಆದರೆ ಇದು ಬೇಡ ಎಂದರಂತೆ. ಆಗ ನಾವಿಬ್ಬರೂ ಹಾಸನದ ಒಂದೇ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆವು. ನಾನು ಬಿಲ್ಲು ಟೈಪ್ ಮಾಡುತ್ತಿದ್ದೆ, ಅವರು ರಿಪೇರಿ ನೋಡುತ್ತಿದ್ದರು. ಅಲ್ಲಿನ ಯಜಮಾನರದು ಒಂದೇ ಮಂತ್ರ. ಯಾವ ಮಷೀನು ಬಂದರೂ ಮುಚ್ಚಳ ತೆಗೆಯುವ ಮುಂಚೆಯೇ "ಡೆಡ್ ಆಗಿದೆ, ಹೊಸದು ತಗೊಳ್ಳಿ" ಎನ್ನುತ್ತಿದ್ದರು. ಒಮ್ಮೆ ಅರಕಲಗೂಡಿನ ಶಾಲೆಯೊಂದರ ಮೇಷ್ಟ್ರು ಕಂಪ್ಯೂಟರನ್ನು ಹೊದಿಕೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಯಜಮಾನರು ನೋಡದೆಯೇ ಡೆಡ್ ಎಂದರು. ಮೇಷ್ಟ್ರು ಹೊದಿಕೆ ಮತ್ತೆ ಕಟ್ಟುವಷ್ಟರಲ್ಲಿ ನಮ್ಮವರು ಮುಚ್ಚಳ ಬಿಚ್ಚಿ, ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದರು. ಮಷೀನು ಎದ್ದಿತು. ಸಂಜೆಗೆ ನಮ್ಮವರ ಕೆಲಸ ಹೋಯಿತು. ಮಾರನೆಯ ದಿನ ನಾನೂ ಹೋಗಲಿಲ್ಲ.

ಅಯ್ಯನವರು ಬೇಡವೆಂದ ಮದುವೆ, ಯಜಮಾನರನ್ನು ಎದುರು ಹಾಕಿಕೊಂಡು ತೆರೆದ ಅಂಗಡಿ. ಎರಡೂ ಚೆನ್ನಾಗಿ ನಡೆದವು.

ಮೊದಮೊದಲು ನಾನು ಗಿರಾಕಿಗಳ ಹತ್ತಿರ ಮಾತಾಡುವುದಕ್ಕಷ್ಟೇ ಇದ್ದೆ. ಕೆಲಸ ಕಲಿಸಿ ಎಂದು ನಾನು ಕೇಳಲಿಲ್ಲ, ಕಲಿಸುತ್ತೇನೆ ಎಂದು ಅವರೂ ಹೇಳಲಿಲ್ಲ. ಕೈಯಲ್ಲಿ ಸ್ಕ್ರೂ ಹಿಡಿದುಕೊಂಡು ನಿಲ್ಲು ಎನ್ನುತ್ತಿದ್ದರು. ಕೈಯಲ್ಲಿ ಸ್ಕ್ರೂ ಹಿಡಿದು ನಿಂತವಳು ಕಣ್ಣು ಎಲ್ಲಿಡುತ್ತಾಳೆ, ಬೋರ್ಡಿನ ಮೇಲೆಯೇ ಇಡುತ್ತಾಳೆ. ಹಾಗೆ ಬಂತು ವಿದ್ಯೆ. ಬೋರ್ಡು ಡಬ್ಬದಲ್ಲಿ ಕೂರುತ್ತದೋ, ಸ್ಕ್ರೂ ತೂತುಗಳು ಒಂದರ ಮೇಲೊಂದು ಬರುತ್ತವೋ ನೋಡು ಎನ್ನುತ್ತಿದ್ದರು, ಅದು ಮನೆ ನೋಡುವುದು. ಪ್ರೊಸೆಸರ್ ಕೂರುವ ಸಾಕೆಟ್ಟು ಒಂದೇ ಆಗಿರಬೇಕು, ಅದು ಹೆಣ್ಣು ಗಂಡು ನೋಡುವುದು. ಮೆಮೊರಿ ಪಟ್ಟಿಯ ಕಚ್ಚು ಒಂದು ಕೂದಲೆಳೆ ಆಚೆ ಇದ್ದರೂ ಒತ್ತಬಾರದು. ಒತ್ತಿ ಮುರಿದವರನ್ನು ನಾನು ಕಂಡಿದ್ದೇನೆ. ಪವರ್ ಸಪ್ಲೈಯಿಂದ ಬರುವ ಪ್ಲಗ್ಗು, ಹಾರ್ಡ್ ಡಿಸ್ಕಿಗೆ ಹೋಗುವ ವಯರು ಅಗಲದ್ದೋ ಸಣ್ಣದೋ, ಹಿಂದುಗಡೆ ಯಾವ ಯಾವ ಕಿಂಡಿ ಇದೆ, ಗಿರಾಕಿಯ ಪ್ರಿಂಟರು ಯಾವ ಕಿಂಡಿಗೆ ಸೇರುತ್ತದೆ, ಇವೆಲ್ಲ ನೆಂಟರಿಷ್ಟರನ್ನು ವಿಚಾರಿಸಿದ ಹಾಗೆ. ಇದಿಷ್ಟೂ ಕೂಡಿದರೂ ಇನ್ನೊಂದು ಉಳಿಯುತ್ತದೆ. ಅದನ್ನು ಅದರ ಜಾಗದಲ್ಲಿಯೇ ಹೇಳುತ್ತೇನೆ.

"ನಮ್ಮದು ಕೂಡದೇ ಇದ್ದರೂ ನಡೀತಲ್ಲ?" ಎಂದು ನಾನು ರೇಗಿಸಿದರೆ ಅವರು ತಲೆ ಎತ್ತದೆಯೇ ಹೇಳುತ್ತಿದ್ದರು. "ನೀನು ಹೊಂದ್ಕೊಂಡೆ. ಬೋರ್ಡು ಹೊಂದ್ಕೊಳಲ್ಲ ಕಣೆ."

ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯ ಸಂಗತಿ ಹೇಳದೆ ಮುಂದೆ ಹೋಗಲಾರೆ. ಅಲ್ಲಿ ತೂಕದ ಯಂತ್ರಕ್ಕೆ ಸೇರಿಸಿದ್ದ ಕಂಪ್ಯೂಟರಿಗೆ ಹೊಸ ಬೋರ್ಡು ಹಾಕಬೇಕಿತ್ತು. ನಮ್ಮವರು ಬೋರ್ಡನ್ನು ರಟ್ಟಿನ ಮೇಲೆ ಇಟ್ಟು ಪರೀಕ್ಷೆ ಮಾಡಿದರು, ಚೆನ್ನಾಗಿ ನಡೆಯಿತು. ಡಬ್ಬದೊಳಗೆ ಇಟ್ಟು ಸ್ಕ್ರೂ ಬಿಗಿದರೆ ಉಸಿರಿಲ್ಲ. ಹೊರಗೆ ತೆಗೆದರೆ ಮತ್ತೆ ಜೀವ. ಹೊರಗೆ, ಒಳಗೆ, ಹೊರಗೆ, ಒಳಗೆ. ಕೊಬ್ಬರಿ ಚೀಲದ ಮೇಲೆ ಕೂತಿದ್ದವರೆಲ್ಲ ಸುತ್ತ ಸೇರಿದರು. ಮಂಡಿಯ ಸಾಹುಕಾರರು ನಿಧಾನವಾಗಿ ಎಲೆಗೆ ಸುಣ್ಣ ಹಚ್ಚುತ್ತಾ, "ಏನ್ ಚಂದ್ರಣ್ಣ, ತವರು ಮನೇಲಿ ಚೆನ್ನಾಗಿರ್ತಾಳೆ, ಗಂಡನ ಮನೆಗೆ ಬಂದೇಟ್ಗೆ ಮೂರ್ಛೆ ಬೀಳ್ತಾಳಲ್ಲ?" ಎಂದರು. ಎಲ್ಲರೂ ನಕ್ಕರು. ನಮ್ಮವರ ಕಿವಿ ಕೆಂಪಾಯಿತು.

ನಾನು ಡಬ್ಬದ ತಳವನ್ನು ಕೈಯಲ್ಲಿ ಸವರಿ ನೋಡಿದೆ. ಬೋರ್ಡನ್ನು ತಳದಿಂದ ಎತ್ತಿ ಹಿಡಿಯಲು ಹಿತ್ತಾಳೆಯ ಸಣ್ಣ ಗುಬ್ಬಿಗಳಿರುತ್ತವೆ. ಹಳೆಯ ಬೋರ್ಡಿಗೆಂದು ಇದ್ದ ಒಂದು ಗುಬ್ಬಿ, ಹೊಸ ಬೋರ್ಡಿನಲ್ಲಿ ತೂತಿಲ್ಲದ ಜಾಗದಲ್ಲಿ ನಿಂತು ಅದರ ಬೆನ್ನಿಗೆ ತಾಗುತ್ತಿತ್ತು. ಅಲ್ಲೇ ಶಾರ್ಟು. ಅದನ್ನು ತಿರುಗಿಸಿ ತೆಗೆದು ಸಾಹುಕಾರರ ಅಂಗೈ ಮೇಲೆ ಇಟ್ಟೆ. "ಅತ್ತೆ" ಎಂದೆ. ಈ ಸಲದ ನಗು ನಮ್ಮದಾಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮವರು, ಇನ್ನು ಮೇಲೆ ಡಬ್ಬದ ತಳ ನೋಡುವುದು ನಿನ್ನ ಇಲಾಖೆ ಎಂದರು. ಅಂದಿನಿಂದ ನಾನು ಸ್ಕ್ರೂ ಹಿಡಿಯುವವಳಾಗಿ ಉಳಿಯಲಿಲ್ಲ.

ಆಗೆಲ್ಲ ಬೋರ್ಡು ಬೇಕೆಂದರೆ ಬೆಂಗಳೂರಿಗೇ ಹೋಗಬೇಕು. ನಮ್ಮವರು ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ, ಹಳೆಯ ಬೋರ್ಡನ್ನು ಚೀಲದಲ್ಲಿ ಇಟ್ಟುಕೊಂಡು ಅಂಗಡಿ ಅಂಗಡಿ ಸುತ್ತಿ, ಹೋಲುವುದನ್ನು ತರುತ್ತಿದ್ದರು. ಈಗ ಬೋರ್ಡಿನ ಮೇಲಿರುವ ಅಕ್ಷರಗಳ ಫೋಟೋ ತೆಗೆದು ಮೊಬೈಲಿನಲ್ಲಿ ಹುಡುಕಿದರೆ ಎಲ್ಲಿದೆ ಎಂದು ಗೊತ್ತಾಗುತ್ತದೆ, ಮನೆ ಬಾಗಿಲಿಗೆ ಬರುತ್ತದೆ. ಸುಖವೇ. ಆದರೆ ಫೋಟೋದಲ್ಲಿ ಬೋರ್ಡಿನ ಬೆನ್ನು ಕಾಣುವುದಿಲ್ಲ, ಉಬ್ಬಿದ ಕೆಪಾಸಿಟರಿನ ತಲೆಯನ್ನು ಬೆರಳಿನಿಂದ ಮುಟ್ಟಿ ನೋಡಲು ಆಗುವುದಿಲ್ಲ. ರಂಜಿತಾ, ಸೌಮ್ಯ, ಫೋಟೋ ನೋಡಿ ತರಿಸಿ, ಬಂದ ಮೇಲೆ ಬೆರಳಿನಿಂದ ನೋಡಿ.

ನಮ್ಮ ಕಸುಬಿಗೆ ವರ್ಷಕ್ಕೊಮ್ಮೆ ಸುಗ್ಗಿ ಬರುತ್ತದೆ. ಅದು ಆಯುಧಪೂಜೆಯ ಮಾರನೆಯ ದಿನ. ಜನ ಕಂಪ್ಯೂಟರನ್ನು ತೊಳೆಯುತ್ತಾರೆ. ನಿಜವಾಗಿ ಹೇಳುತ್ತಿದ್ದೇನೆ, ಒದ್ದೆ ಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸುತ್ತಾರೆ. ಅರಿಶಿನ ಕುಂಕುಮ ಕಲಸಿ ಬೊಟ್ಟಿಡುತ್ತಾರೆ, ಗಾಳಿಯಾಡುವ ಜಾಲರಿಗೆ ಸೇವಂತಿಗೆ ಸಿಕ್ಕಿಸುತ್ತಾರೆ, ಮೇಲಿಂದ ತೀರ್ಥ ಚಿಮುಕಿಸುತ್ತಾರೆ. ಆಮೇಲೆ ಶುಭವಾಗಲಿ ಎಂದು ಸ್ವಿಚ್ ಒತ್ತುತ್ತಾರೆ. ಪೂಜೆ ಬೇಡ ಎಂದು ನಾವು ಯಾರಿಗೂ ಹೇಳಲಿಲ್ಲ, ಹೇಳುವುದು ಸರಿಯೂ ಅಲ್ಲ. ನಾವೂ ಸ್ಕ್ರೂಡ್ರೈವರಿಗೆ ಕುಂಕುಮ ಇಡುತ್ತಿದ್ದೆವು. ಪ್ಲಗ್ಗು ಕಿತ್ತು ಮಾಡಿ, ಒಣ ವಿಭೂತಿಯಲ್ಲಿ ಮಾಡಿ, ನೀರು ಬೇಡ ಎಂದಷ್ಟೇ ಹೇಳುತ್ತಿದ್ದೆವು. ಕೇಳಿದವರು ಕೇಳಿದರು.

ಕೇಳದವರಲ್ಲಿ ಒಬ್ಬ ಹೊಳೆನರಸೀಪುರದ ಲಿಂಗರಾಜು. ಇನ್ನು ಮುಂದಿನದೆಲ್ಲ ಅವನ ಮಷೀನಿನ ಕಥೆ.

ಆ ವರ್ಷ ದಸರೆಗೆ ಸ್ವಲ್ಪ ಮುಂಚೆ ನಮ್ಮವರು ಹೋದರು. ಎದೆ ಹಿಡಿದುಕೊಂಡಿದೆ ಎಂದು ಆಸ್ಪತ್ರೆಗೆ ನಡೆದೇ ಹೋದವರು ನಡೆದು ಬರಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಅಂಗಡಿಯ ಷಟರ್ ಎಳೆದು ಮನೆಯಲ್ಲಿ ಕೂತಿದ್ದೆ. ಆಯುಧಪೂಜೆ ಬಂತು, ಹೋಯಿತು. ಸ್ಕ್ರೂಡ್ರೈವರಿಗೆ ಕುಂಕುಮ ಇಡಲಿಲ್ಲ. ಬಂದ ಗಿರಾಕಿಗಳು ಷಟರ್ ನೋಡಿ ವಾಪಸು ಹೋದರು. ಕೆಲವರು ಮನೆಗೇ ಬಂದು ಸಮಾಧಾನ ಹೇಳಿ, ಇನ್ನು ಅಂಗಡಿ ಯಾರಿಗಾದರೂ ಕೊಟ್ಟುಬಿಡಿ ಎಂದರು.

ಲಿಂಗರಾಜು ಬಂದವನು ಬಾಗಿಲಲ್ಲೇ ನಿಂತ. ಹೊಳೆನರಸೀಪುರದಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ಸು ಅವನದು. "ಅಕ್ಕಾ, ಚಂದ್ರಣ್ಣ ಇಲ್ದೆ ಇದು ಆಗಲ್ಲ ಅಂತ ಎಲ್ರೂ ಅಂದ್ರು. ನಾನೂ ಅಂಗೇ ಅನ್ಕಂಡೆ. ಆದ್ರೂ ಬಂದ್ಬುಟ್ಟೆ" ಎಂದ. ಸುಳ್ಳು ಹೇಳದೆ ಬಂದನಲ್ಲ ಎಂದು ಕೂರಿಸಿದೆ.

ವಿಷಯ ಇಷ್ಟು. ಹರದನಹಳ್ಳಿಯ ಕೆಂಪಜ್ಜಿ ಎಂಬಾಕೆ ಸೋಬಾನೆ ಪದಗಳ ಕಣಜ. ಶಾಸ್ತ್ರ ಶಾಸ್ತ್ರಕ್ಕೂ ಬೇರೆ ಬೇರೆ ಪದ ಹಾಡುವವಳು. ಅಕ್ಷರ ಬಾರದು. ಪ್ರತಿ ಸಂತೆಯ ದಿನ ತರಕಾರಿ ಮಾರಿದ ಮೇಲೆ ಪ್ರೆಸ್ಸಿಗೆ ಬಂದು ಸ್ಟೂಲಿನ ಮೇಲೆ ಕೂತು ಹಾಡುವಳು, ಲಿಂಗರಾಜು ಕೇಳುತ್ತಾ ಕೇಳುತ್ತಾ ನೇರ ಕಂಪ್ಯೂಟರಿಗೆ ಟೈಪ್ ಮಾಡುವನು. ಎಷ್ಟೋ ಸಂತೆ ಹೀಗೆ ನಡೆಯಿತು. ಕಾಗದದ ಮೇಲೆ ಒಂದು ಸಾಲೂ ಇಲ್ಲ. ಎಲ್ಲ ಮುಗಿದ ಮೇಲೆ ಒಟ್ಟಿಗೆ ಪ್ರೂಫ್ ತೆಗೆಯೋಣ ಎಂದು ಅವನು ಸುಮ್ಮನಿದ್ದ. ಅಜ್ಜಿಯ ಮೊಮ್ಮಗಳಿಗೆ ಮದುವೆ ಗೊತ್ತಾಗಿತ್ತು. ಬಂದ ಮುತ್ತೈದೆಯರಿಗೆ ರವಿಕೆ ಕಣದ ಬದಲು ಈ ಪುಸ್ತಕವನ್ನೇ ತಾಂಬೂಲದ ಜೊತೆ ಕೊಡಬೇಕೆಂದು ಅಜ್ಜಿಯ ಆಸೆ. ಅಷ್ಟರಲ್ಲಿ ಅಜ್ಜಿಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಜೊತೆಗೆ ಪದಗಳ ಮೊದಲ ಸೊಲ್ಲೂ ಬಿಟ್ಟುಹೋಯಿತು. ಹಾಡು ಎಂದರೆ ಬಾಯಿ ತೆರೆದು, ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಸುಮ್ಮನಾಗುವಳು. ಈಗ ಪದಗಳು ಇರುವುದು ಆ ಕಂಪ್ಯೂಟರಿನಲ್ಲಿ ಮಾತ್ರ. ಆ ಕಂಪ್ಯೂಟರಿಗೆ ಲಿಂಗರಾಜು ಆಯುಧಪೂಜೆ ಮಾಡಿಬಿಟ್ಟಿದ್ದ.

ನಾನು ಅವನ ಜೊತೆಗೇ ಬಸ್ ಹತ್ತಿದೆ. ಷಟರ್ ಎತ್ತಿ ಸಾಮಾನು ತೆಗೆದುಕೊಳ್ಳಲು ಮನಸ್ಸಾಗಲಿಲ್ಲ, ಮನೆಯಲ್ಲಿದ್ದ ನಮ್ಮವರ ಕೈಚೀಲವನ್ನೂ ನನ್ನ ಲ್ಯಾಪ್‌ಟಾಪನ್ನೂ ಹಿಡಿದುಕೊಂಡೆ.

ಮುಚ್ಚಳ ತೆಗೆದರೆ ಬೋರ್ಡಿನ ನಡುವೆ ಕುಂಕುಮದ ನೀರು ಹರಿದು ಒಣಗಿತ್ತು. ಎಲ್ಲಕ್ಕಿಂತ ದೊಡ್ಡ ಚಿಪ್ಪಿನ ಹತ್ತಿರ ಸುಟ್ಟ ಕಪ್ಪು. ಕೆಪಾಸಿಟರ್ ಬದಲಾಯಿಸಿ ಎಬ್ಬಿಸುವ ಸ್ಥಿತಿಯಲ್ಲ. ಪುಣ್ಯಕ್ಕೆ ಹಾರ್ಡ್ ಡಿಸ್ಕು ಬದುಕಿತ್ತು. ಮೊದಲು ಅದರ ನಕಲು ತೆಗೆದುಕೊಂಡೆ. ಮಕ್ಕಳೇ, ಯಾವ ಸಾಲಾವಳಿಗೂ ಮೊದಲು ಇದನ್ನು ಮಾಡಿ.

ನಕಲನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ಅಜ್ಜಿಯ ಫೈಲು ತೆರೆದೆ. ಕನ್ನಡ ಇರಬೇಕಾದಲ್ಲಿ ಬರೀ ಚೌಕ, ಚುಕ್ಕೆ, ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ. ಅದು ಹಳೆಯ ಕಾಲದ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಅದನ್ನು ಮಾಡಿದವರು ಅಂಗಡಿ ಮುಚ್ಚಿ ಯಾವ ಕಾಲವಾಯಿತೋ. ಹೊಸದಾಗಿ ಹಾಕೋಣವೆಂದರೆ ಅದರ ಫ್ಲಾಪಿಗಳು ಬೂಷ್ಟು ಹಿಡಿದಿದ್ದವು. ಅದು ತೆರೆಯಬೇಕಾದರೆ ಕಂಪ್ಯೂಟರಿನ ಹಿಂದೆ, ಹಳೆಯ ಪ್ರಿಂಟರಿನ ಅಗಲದ ಕಿಂಡಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಲಾಕ್ ಒಂದನ್ನು ಸಿಕ್ಕಿಸಿರಬೇಕು. ಈಗಿನ ಬೋರ್ಡುಗಳಲ್ಲಿ ಆ ಕಿಂಡಿಯೇ ಇಲ್ಲ. ಬೇರೆ ಕಾರ್ಡು ಹಾಕಿ ಕಿಂಡಿ ಮಾಡಿಕೊಟ್ಟರೆ ಲಾಕ್ ಅದನ್ನು ತನ್ನದೆಂದು ಒಪ್ಪುವುದಿಲ್ಲ. ಅಂದರೆ ಆ ಹಾರ್ಡ್ ಡಿಸ್ಕು ಹೇಗಿದೆಯೋ ಹಾಗೆಯೇ, ತನ್ನ ಕಾಲದ ಬೋರ್ಡಿನ ಮೇಲೆ ಏಳಬೇಕು.

ಆ ದಿನ ಸಂತೆ. ಅಜ್ಜಿ ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಪರದೆ ನೋಡಿ, "ಇದೇನ್ಲಾ ಲಿಂಗ, ನನ್ ಪದಕ್ಕೆಲ್ಲ ಇರುವೆ ಮುತ್ಕಂಡಂಗದೆ" ಎಂದಳು.

ಅದೇ ವಾರ ಚನ್ನರಾಯಪಟ್ಟಣಕ್ಕೆ ಹೋದೆ. ಅಲ್ಲಿನ ಗುಜರಿ ಅಂಗಡಿಯಲ್ಲಿ ಹಳೆಯ ಕಂಪ್ಯೂಟರುಗಳು ಬೆರಣಿಯ ಹಾಗೆ ಪೇರಿಸಿರುತ್ತವೆ. ಒಂದೊಂದನ್ನೇ ಎತ್ತಿ ನೋಡುತ್ತಾ ಹೋದೆ. ಬಿಸಿಲು ಇಳಿಯುವ ಹೊತ್ತಿಗೆ ಒಂದು ಸಿಕ್ಕಿತು. ತೂತುಗಳು ಕೂಡಿದವು. ಸಾಕೆಟ್ಟು ಅದೇ. ಮೆಮೊರಿಯ ಕಚ್ಚು ಸರಿ, ಡಿಸ್ಕಿನ ಅಗಲ ವಯರಿಗೆ ಜಾಗ ಇದೆ, ಪ್ರಿಂಟರಿನ ಕಿಂಡಿ ಇದೆ. ಕೆಪಾಸಿಟರುಗಳ ತಲೆ ಸಪಾಟಾಗಿತ್ತು. ಮನಸ್ಸಿನಲ್ಲೇ ಅವರಿಗೆ ಹೇಳಿದೆ, ಎಲ್ಲ ಕೂಡಿತು ನೋಡಿ ಎಂದು.

ಹೊಳೆನರಸೀಪುರಕ್ಕೆ ಮತ್ತೆ ಹೋದದ್ದು ಸಂತೆಯ ದಿನವೇ. ಬೋರ್ಡು ಕೂರಿಸಿದೆ, ತಳ ಸವರಿ ನೋಡಿದೆ, ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು. ಬೀಪ್ ಬಂತು. ಲಿಂಗರಾಜು ಕೈ ಮುಗಿದ. ಆಮೇಲೆ ಪರದೆ ಪೂರಾ ನೀಲಿಯಾಗಿ, ಅದರ ಮೇಲೆ ಬಿಳಿ ಅಕ್ಷರ ಬಂದು, ಮಷೀನು ತಾನೇ ಆರಿ ಮತ್ತೆ ಹತ್ತಿತು. ಮತ್ತೆ ನೀಲಿ. ಎಷ್ಟು ಸಲ ಮಾಡಿದರೂ ಅದೇ ನೀಲಿ.

ಎಲ್ಲರೂ ಹೇಳಿದ್ದು ನಿಜವಾಯಿತಲ್ಲ ಎನಿಸಿತು. ಲಿಂಗರಾಜು ಟೀ ತರುತ್ತೇನೆ ಎಂದು ಎದ್ದ. ಅಜ್ಜಿ ಮಾತ್ರ ಮುಂದಕ್ಕೆ ಬಾಗಿ ಬೋರ್ಡನ್ನೇ ನೋಡುತ್ತಿದ್ದಳು.

"ಈ ಎಣ್ಣು ಎಲ್ಲೀದವ್ವ?"

"ಚನ್ನರಾಯಪಟ್ಟಣದ್ದು ಅಜ್ಜಿ."

"ಯಾವ ಬೆಡಗು?"

ಹೋಗುತ್ತಿದ್ದ ಲಿಂಗರಾಜು ಬಾಗಿಲಲ್ಲೇ ತಿರುಗಿ, "ಬೋರ್ಡಿಗೆಲ್ಲೀ ಬೆಡಗಜ್ಜಿ, ಸುಮ್ಕಿರು" ಎಂದ. ಅಜ್ಜಿ ಯಾರನ್ನು ಕಂಡರೂ ಊರು ಯಾವುದು, ಬೆಡಗು ಯಾವುದು ಎಂದೇ ಕೇಳುವವಳು. ನಮ್ಮ ಕಡೆ ಒಂದೇ ಬೆಡಗಿನವರು, ಅಂದರೆ ಒಂದೇ ಮೂಲದ ವಂಶದವರು, ಅಣ್ಣತಂಗಿಯರ ಲೆಕ್ಕ, ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಅಜ್ಜಿ ಅಭ್ಯಾಸಬಲದಿಂದ ಕೇಳಿದ್ದಳು. ಆದರೆ ನನ್ನ ಕೈ ಅಲ್ಲೇ ನಿಂತಿತು.

ನಮ್ಮವರು ಬೆಂಗಳೂರಿನಿಂದ ಬಂದ ಒಂದು ಮಧ್ಯಾಹ್ನ ನೆನಪಾಯಿತು. ಚೀಲದಿಂದ ಎರಡು ಬೋರ್ಡು ತೆಗೆದು ಪಕ್ಕಪಕ್ಕ ಇಟ್ಟಿದ್ದರು. ನೋಡಲು ಥೇಟ್ ಒಂದೇ. ಅಕ್ಕತಂಗೇರು ಕಣೆ ಎಂದಿದ್ದರು, ಅಕ್ಕನನ್ನು ಹೊಳೆನರಸೀಪುರದ ಪ್ರೆಸ್ಸಿಗೆ ಕೊಡೋಣ, ತಂಗಿಯನ್ನು ಅರಕಲಗೂಡಿಗೆ ಕೊಡೋಣ. ನಾನು ಆ ದೊಡ್ಡ ಚಿಪ್ಪಿನ ಮೇಲಿದ್ದ ಅಕ್ಷರ ಓದಿ ಇದೇನು ಎಂದು ಕೇಳಿದ್ದಕ್ಕೆ, ಅದರ ಮೇಲೆ ಬೆರಳಿಟ್ಟು ಹೇಳಿದ್ದರು. "ಇದು ಬೆಡಗು. ಮನುಷ್ಯರಿಗೆ ಬೆಡಗು ಬೇರೆ ಇರಬೇಕು. ಹಳೇ ಡಿಸ್ಕ್ ಇಟ್ಕೊಂಡು ಬೋರ್ಡ್ ಬದಲಾಯಿಸುವಾಗ ಮಾತ್ರ ಬೆಡಗು ಒಂದೇ ಇರಬೇಕು."

ನಾನು ಹೇಳದೆ ಉಳಿಸಿಕೊಂಡಿದ್ದ ಆ ಇನ್ನೊಂದು ಅಂಶ ಇದೇ. ಬೋರ್ಡಿನ ಮೇಲೆ ಪ್ರೊಸೆಸರಿಗೂ ಡಿಸ್ಕಿಗೂ ಮೆಮೊರಿಗೂ ನಡುವೆ ಮಾತು ಸಾಗಿಸುವ ಚಿಪ್ಪಿರುತ್ತದೆ, ಚಿಪ್‌ಸೆಟ್ ಎನ್ನುತ್ತಾರೆ. ಹಳೆಯ ಡಿಸ್ಕು ಆ ಚಿಪ್ಪಿನ ಮಾತನ್ನು ಕಲಿತುಕೊಂಡಿರುತ್ತದೆ. ಹೊಸದಾಗಿ ಎಲ್ಲ ಹಾಕುವ ಹಾಗಿದ್ದರೆ ಯಾವ ಚಿಪ್ಪಾದರೂ ನಡೆದೀತು. ಹಾಕುವ ಹಾಗಿಲ್ಲದಾಗ ಬೇರೆ ಮನೆಯ ಚಿಪ್ಪು ಸಿಕ್ಕರೆ ಡಿಸ್ಕು ಕಕ್ಕಾಬಿಕ್ಕಿಯಾಗಿ ಪರದೆ ನೀಲಿ ಬಣ್ಣಕ್ಕೆ ತಿರುಗುತ್ತದೆ. ಚನ್ನರಾಯಪಟ್ಟಣದ ಬೋರ್ಡಿನ ಚಿಪ್ಪನ್ನು ಬಟ್ಟೆಯಲ್ಲಿ ಒರೆಸಿ ನೋಡಿದೆ. ಬೇರೆ ಮನೆಯದೇ. ಎಲ್ಲ ನೋಡಿದ್ದೆ, ಬೆಡಗು ನೋಡಿರಲಿಲ್ಲ.

"ಬೆಡಗು ಬೇರೆ ಆಗೋಯ್ತು ಅಜ್ಜಿ" ಎಂದೆ.

"ಬೇರೆ ಆದ್ರೆ ಒಳ್ಳೇದಲ್ವಾ?" ಎಂದು ಅಜ್ಜಿ ನನ್ನನ್ನೇ ವಿಚಿತ್ರವಾಗಿ ನೋಡಿದಳು. ನಾನು ಆಗಲೇ ಚೀಲ ಕಟ್ಟುತ್ತಿದ್ದೆ.

ಅರಕಲಗೂಡಿನಲ್ಲಿ ತಂಗಿಯನ್ನು ತೆಗೆದುಕೊಂಡಿದ್ದವರು ಬೇರೆ ಯಾರೂ ಅಲ್ಲ, ನಮ್ಮ ಮದುವೆ ಬೇಡವೆಂದ ಬಸವಯ್ಯ ಅಯ್ಯನವರೇ. ಜಾತಕ ಬರೆಯುವುದು ಕಂಪ್ಯೂಟರಿಗೆ ಬಂದಾಗ ನಮ್ಮ ಅಂಗಡಿಗೇ ಬಂದು, ಜೋಡಿಸಿಕೊಡಿ ಎಂದಿದ್ದರು. ನಮ್ಮವರು ಹಳೆಯದನ್ನು ಒಂದು ಮಾತೂ ಎತ್ತದೆ ಜೋಡಿಸಿಕೊಟ್ಟಿದ್ದರು.

ಅಯ್ಯನವರಿಗೆ ಈಗ ಬಹಳ ವಯಸ್ಸಾಗಿತ್ತು. ಜಗಲಿಯ ಮೇಲೆ ಕಂಬಕ್ಕೆ ಒರಗಿ ಮೊಬೈಲಿನಲ್ಲೇ ಯಾರದೋ ಜಾತಕ ನೋಡುತ್ತಿದ್ದರು. ನಮ್ಮವರು ಹೋದದ್ದು ಅವರಿಗೆ ಗೊತ್ತಿತ್ತು. ಕೂರು ತಾಯಿ ಎಂದು ಒಳಗಿನಿಂದ ಮಜ್ಜಿಗೆ ತರಿಸಿದರು. ಕಂಪ್ಯೂಟರು ನಡುಮನೆಯ ಮೂಲೆಯಲ್ಲಿ ಕೇಸರಿ ಬಟ್ಟೆ ಹೊದ್ದು ಕೂತಿತ್ತು. ಬಟ್ಟೆ ಸರಿಸಿದರೆ ಡಬ್ಬದ ಮೇಲೆ ಮೂರೆಳೆ ವಿಭೂತಿ, ವರ್ಷದಿಂದ ವರ್ಷಕ್ಕೆ ಬಳಿದು ಗೋಡೆಯ ಸುಣ್ಣದ ಹಾಗೆ ದಪ್ಪವಾಗಿತ್ತು. ಒಣ ವಿಭೂತಿ. ಒಂದು ಹನಿ ನೀರು ಕಂಡಿರಲಿಲ್ಲ. ಮುಚ್ಚಳ ತೆಗೆದು ಒಳಗೆ ನೋಡಿದೆ. ದೊಡ್ಡ ಚಿಪ್ಪಿನ ಮೇಲೆ ಅದೇ ಅಕ್ಷರ.

ಬೋರ್ಡು ಬೇಕು ಎಂದೆ. ಅಯ್ಯನವರು ತಲೆ ಅಲ್ಲಾಡಿಸಿದರು. ಉಪಯೋಗಿಸುತ್ತಿಲ್ಲ ನಿಜ, ಆದರೆ ಎಷ್ಟೋ ಮನೆ ಕೂಡಿಸಿದ ಯಂತ್ರ, ಅದರ ಹೊಟ್ಟೆ ಬಗೆಯುವುದಕ್ಕೆ ಮನಸ್ಸಿಲ್ಲ ಎಂದರು. ಬೇಕಾದರೆ ಹಣ ಕೊಡುತ್ತೇನೆ, ಹೊಸದು ತರಿಸಿಕೋ ಎಂದರು. ಹೊಸದು ಆಗುವುದಿಲ್ಲವೆಂದು ನಾನು ಅಜ್ಜಿಯ ಪದ, ಲಾಕ್, ನೀಲಿ ಪರದೆ, ಮೊಮ್ಮಗಳ ಮದುವೆ ಎಲ್ಲ ಹೇಳಿದೆ. ಸೋಬಾನೆ ಎಂದಾಗ ಅವರು ಮೊಬೈಲು ಕೆಳಗಿಟ್ಟರು.

"ಸಾಲಾವಳಿ ನೋಡಿದ್ದೀಯಾ?" ಎಂದರು.

ನೋಡಿದ್ದೇನೆ ಎಂದು ಒಂದೊಂದಾಗಿ ಹೇಳಿದೆ. ಮನೆ ಕೂಡುತ್ತದೆ, ಸಾಕೆಟ್ಟು ಕೂಡುತ್ತದೆ, ನೆಂಟರು ಕೂಡುತ್ತಾರೆ. ಕೊನೆಗೆ, ಬೆಡಗು ಒಂದೇ ಎಂದೆ.

"ಬೆಡಗು ಒಂದೇ? ಹಾಗಾದರೆ ನಾನು ಹೇಗೆ ಒಪ್ಪಲಿ?" ಎಂದರು. ಮುಖ ಗಂಭೀರವಾಗಿಯೇ ಇತ್ತು, ಕಣ್ಣು ಮಾತ್ರ ನಗುತ್ತಿತ್ತು. ವಿಭೂತಿ ಗಟ್ಟಿಯನ್ನು ಬೆರಳಿನಲ್ಲಿ ತಿರುಗಿಸುತ್ತಾ ಹೇಳಿದರು. "ಚಂದ್ರುವಿನ ಜಾತಕ, ನಿನ್ನ ಜಾತಕ ನೋಡಿ ಕೂಡಲ್ಲ ಅಂದವನು ನಾನು. ನೀವು ಎಷ್ಟು ಚೆನ್ನಾಗಿ ಕೂಡಿದಿರಿ ಅಂತ ಈ ಊರೆಲ್ಲ ನೋಡಿದೆ. ನನಗಿಂತ ನಿನಗೇ ಚೆನ್ನಾಗಿ ಗೊತ್ತಿರಬೇಕು ತಾಯಿ. ತಗೊಂಡು ಹೋಗು."

ಅವರ ಮುಂದೆಯೇ ಬೋರ್ಡು ಬಿಚ್ಚಿದೆ. ಹೊರಡುವಾಗ ಅದಕ್ಕೆ ಅಕ್ಷತೆ ಹಾಕಲು ಹೋದರು. ಒಣದೇ ತಾನೇ ಎಂದು ಕೇಳಿ, ಹಾಕಿಸಿಕೊಂಡೆ.

ಮಾರನೆಯ ಬೆಳಿಗ್ಗೆ ಸಂತೆಯಲ್ಲ, ಆದರೂ ಲಿಂಗರಾಜು ಅಜ್ಜಿಗೆ ಹೇಳಿ ಕಳಿಸಿದ್ದ. ಅಜ್ಜಿ ಮೊಮ್ಮಗಳ ಜೊತೆ ಬಂದು ಅದೇ ಸ್ಟೂಲಿನ ಮೇಲೆ ಕೂತಳು. ನಾನು ಬೋರ್ಡು ಕೂರಿಸಿದೆ. ತಳ ಸವರಿದೆ. ಹಳೆಯ ಪ್ರೊಸೆಸರು, ಹಳೆಯ ಮೆಮೊರಿ, ಹಳೆಯ ಡಿಸ್ಕು, ಹಿಂದೆ ಬೆಂಕಿಪೊಟ್ಟಣದಂಥ ಲಾಕ್. ಸ್ವಿಚ್ ಒತ್ತಿದೆ.

ಬೀಪ್ ಬಂತು. ಪರದೆ ಕಪ್ಪಾಯಿತು. ನೀಲಿ ಬರುತ್ತದೆಂದು ನಾನು ಹಲ್ಲು ಕಚ್ಚಿ ಕಾದೆ. ಬಂದದ್ದು ನೀಲಿಯಲ್ಲ, ಲಿಂಗರಾಜು ಪರದೆಗೆ ಹಾಕಿಕೊಂಡಿದ್ದ ದೊಡ್ಡಗದ್ದವಳ್ಳಿ ಗುಡಿಯ ಚಿತ್ರ. ಕೆಳಗೆ ಮೂಲೆಯಲ್ಲಿ ಗಡಿಯಾರ. ಬೋರ್ಡಿನ ಸಣ್ಣ ಬ್ಯಾಟರಿ ಸತ್ತಿದ್ದರಿಂದ ತಾರೀಖು ಹಿಂದಕ್ಕೆ ಹೋಗಿ, ನಮ್ಮವರು ಆ ಎರಡು ಬೋರ್ಡುಗಳನ್ನು ಹೊತ್ತು ತಂದ ಕಾಲದಲ್ಲಿ ನಿಂತಿತ್ತು. ಅದನ್ನು ಮೊದಲು ಸರಿಮಾಡಬೇಕು ಎಂದು ನಾನೇ ಎಲ್ಲರಿಗೂ ಹೇಳುತ್ತೇನೆ. ಆ ದಿನ ಸ್ವಲ್ಪ ತಡ ಮಾಡಿದೆ.

ಲಿಂಗರಾಜು ಫೈಲು ತೆರೆದ. ತಂತ್ರಾಂಶ ಲಾಕನ್ನು ಹುಡುಕಿತು, ಸಿಕ್ಕಿತು. ಪರದೆಯ ತುಂಬ ಕನ್ನಡ. ದುಂಡಗೆ, ಕಪ್ಪಗೆ, ಒಂದು ಒತ್ತಕ್ಷರವೂ ಜಾಗ ಬಿಟ್ಟು ಸರಿಯದೆ, ಸಾಲು ಸಾಲಾಗಿ ಕೂತಿತ್ತು. ಅವನು ಮೊದಲ ಕೆಲಸವೆಂದು ಪ್ರಿಂಟ್ ಕೊಟ್ಟ. ಆಮೇಲೆ ಅಜ್ಜಿಗೆ ಕೇಳಲೆಂದು ಹಸೆಮಣೆಗೆ ಹೆಣ್ಣು ಕರೆಯುವ ಪದದ ಮೊದಲ ಸೊಲ್ಲನ್ನು ಓದಿದ. ಪತ್ರಿಕೆಯ ಪ್ರೂಫ್ ಓದುವ ಹಾಗೆ, ರಾಗವಿಲ್ಲದೆ ಓದಿದ.

"ಪದವ ಅಂಗಾ ಓದದು, ಮುಂಡೇದೇ" ಎಂದಳು ಅಜ್ಜಿ.

ಅಂದವಳು ತಾನೇ ಎತ್ತಿಕೊಂಡಳು. ಮೊದಲ ಸೊಲ್ಲು ಸಿಕ್ಕಿದ್ದೇ ತಡ, ಎರಡನೆಯದು ಬಂತು, ಮೂರನೆಯದು ಬಂತು. ಗಂಟಲು ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ, ಆದರೂ ಒಂದು ಮಾತು ತಪ್ಪಲಿಲ್ಲ. ಲಿಂಗರಾಜು ಪರದೆಯ ಮೇಲೆ ಬೆರಳು ಸರಿಸುತ್ತಾ ಹೋದ, ಅಜ್ಜಿ ಆ ಬೆರಳಿಗಿಂತ ಮುಂದೆ ಹೋದಳು. ಪುಟದಲ್ಲಿ ಪದ ಮುಗಿದ ಮೇಲೂ ಅವಳು ಮುಗಿಸಲಿಲ್ಲ. ಅವನು ಟೈಪ್ ಮಾಡದೆ ಬಿಟ್ಟಿದ್ದ ಸೊಲ್ಲುಗಳೂ ಬಂದವು. ಅವನು ಗಡಬಡಿಸಿ ಕೀಲಿಮಣೆ ಎಳೆದುಕೊಂಡ. ಮೊಮ್ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾ ನಗುತ್ತಿದ್ದಳು. ಪದದ ಕೆಳಗೆ ಫ್ಯಾನಿನ ಶಬ್ದ ಸಣ್ಣಗೆ, ಒಂದೇ ಸಮನೆ ಕೇಳುತ್ತಿತ್ತು. ನನಗೆ ಅದೂ ಹಾಡೇ.

ಪುಸ್ತಕ ಮದುವೆಗೆ ಬಂತು. ಮುತ್ತೈದೆಯರು ತಾಂಬೂಲದ ಜೊತೆ ತೆಗೆದುಕೊಂಡು ಹೋದರು. ನನಗೂ ಒಂದು ಕೊಡಬೇಕೆಂದು ಅಜ್ಜಿ ಹಟ ಹಿಡಿದಳು. ನಾನು ಹಿಂದಕ್ಕೆ ಸರಿದರೆ ಕೈ ಹಿಡಿದೆಳೆದು, ಎಲೆ ಅಡಿಕೆಯ ಜೊತೆಗೇ ಉಡಿಗೆ ಹಾಕಿದಳು. ಅಷ್ಟರೊಳಗೆ ನಮ್ಮ ಅಂಗಡಿಯ ಷಟರ್ ಮೇಲೆದ್ದು ಎಷ್ಟೋ ದಿನವಾಗಿತ್ತು. ನರಸೀಪುರದಿಂದ ಬಂದ ದಿನವೇ ಎತ್ತಿದ್ದೆ. ಚಂದ್ರಣ್ಣ ಇಲ್ಲದೆ ಆಗುವುದಿಲ್ಲ ಎಂದವರು ಒಬ್ಬೊಬ್ಬರಾಗಿ ಮಷೀನು ಹೊತ್ತುಕೊಂಡು ಬಂದರು. ನಾನು ಎಲ್ಲದಕ್ಕೂ ಸಾಲಾವಳಿ ನೋಡಿದೆ, ಬೆಡಗನ್ನು ಮೊದಲು ನೋಡಿದೆ.

ಆದರೆ ನಾನು ಮುಗಿಸಬೇಕಾದ್ದು ಆ ಬೆಳಿಗ್ಗೆಯ ಮಾತಿನಿಂದ. ಹಾಡಿ ಸುಸ್ತಾದ ಅಜ್ಜಿ ನೀರು ಕುಡಿದು, ಡಬ್ಬದೊಳಗೆ ಇಣುಕಿ, ಈಗ ಬಂದಿರುವುದು ಯಾರು ಎಂದು ಕೇಳಿದಳು. ಸುಟ್ಟುಹೋದದ್ದರ ತಂಗಿ ಎಂದು ಲಿಂಗರಾಜು ಹೇಳಿದ. ಅಜ್ಜಿಗೆ ಎಲ್ಲ ಒಂದೇ ಏಟಿಗೆ ಅರ್ಥವಾಗಿಬಿಟ್ಟಿತು. "ಅಕ್ಕ ತೀರೋದ್ ಮನೆಗೆ ತಂಗಿ ತಂದ್ರಿ ಅನ್ನು. ಮೊದ್ಲೆಲ್ಲ ಅಂಗೇ ಮಾಡೋರು ಕಣವ್ವ, ಒಲೆ ಆರ್ಬಾರ್ದು ಅಂತ." ಆಮೇಲೆ ನಮ್ಮಿಬ್ಬರ ಮುಖವನ್ನೂ ನೋಡಿ ಕೇಳಿದಳು. "ಸಾಲಾವಳಿ ನೋಡಿದ್ಯಾರು?"

"ಚಂದ್ರಣ್ಣ" ಎಂದ ಲಿಂಗರಾಜು. ಅದೇ ಹೊತ್ತಿಗೆ "ನಾನು" ಎಂದೆ ನಾನು.

"ಯಾರಾದ್ರೂ ಒಬ್ರ ಎಸ್ರು ಏಳ್ರಪ್ಪ" ಎಂದಳು ಅಜ್ಜಿ.

"ಇಬ್ಬರೂ ಅಜ್ಜಿ" ಎಂದೆ.